ಪಕ್ಕದಿಂದ ನೋಡುವವರ ಜಾದೂ

ನರಿಕೊಂಬಿನಂಥ ಊರಿಗೆ ಜಾದೂಗಾರ ಬರುವುದು ಶಾಲಾ ವಾರ್ಷಿಕೋತ್ಸವಕ್ಕೋ ಗಣೇಶೋತ್ಸವಕ್ಕೋ. ಎದುರಿಗೆ ಎಷ್ಟೇ ಕುರ್ಚಿ ಹಾಕಿರಲಿ, ಮಕ್ಕಳು ವೇದಿಕೆಯ ಎರಡೂ ಪಕ್ಕಕ್ಕೆ ಒತ್ತಿಕೊಂಡು ನಿಲ್ಲುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಊರೂರು ತಿರುಗುವ ಕಲಾವಿದನನ್ನು ಅಳೆಯಬೇಕಾದದ್ದು ಆ ಪಕ್ಕದಿಂದ ನೋಡುವವರ ಎದುರಿನಲ್ಲೇ.

ಬಹಳಷ್ಟು ಪ್ರದರ್ಶನಗಳು ಇನ್ನೂ ಜಾದೂಗಾರ ಪಿ.ಸಿ. ಸರ್ಕಾರ್ (1913–1971) ಅವರ ನೆರಳಿನಿಂದ ಹೊರಬಂದಿಲ್ಲ. ತುರಾಯಿಯ ಪೇಟ, ಮಹಾರಾಜನ ಪೋಷಾಕು, ಗರಗಸದ ಪೆಟ್ಟಿಗೆ ಎಲ್ಲವೂ ಅವೇ. 1956ರಲ್ಲಿ ಬಿಬಿಸಿಯಲ್ಲಿ ಸರ್ಕಾರ್ ಯುವತಿಯೊಬ್ಬಳನ್ನು ಗರಗಸದಿಂದ ಕೊಯ್ದ ಕೂಡಲೇ ಕಾರ್ಯಕ್ರಮ ಮುಗಿದುಹೋಗಿ, ಆಕೆ ಸತ್ತಳೆಂದೇ ಹೆದರಿದ ವೀಕ್ಷಕರು ಫೋನ್ ಮೇಲೆ ಫೋನ್ ಮಾಡಿದ್ದರು. ಆ ಬೆರಗಿಗೆ ಎದುರಿನಿಂದ ಮಾತ್ರ ನೋಡುವ ಕಣ್ಣು ಬೇಕು, ಅಳೆದು ಬಿಟ್ಟ ಬೆಳಕು ಬೇಕು. ಶಾಲೆಯ ಮೈದಾನದಲ್ಲಿ ಅದೇ ಪೆಟ್ಟಿಗೆ ಸೊರಗುತ್ತದೆ. ಧ್ವನಿವರ್ಧಕದ ಸಿನಿಮಾ ಹಾಡು ಆ ಕೊರತೆಯನ್ನು ಮುಚ್ಚಲಾರದು.

ಬರಿಯ ಚೆಂಬೊಂದು ಅಲ್ಲಿ ಗೆಲ್ಲುತ್ತದೆ. ‘ವಾಟರ್ ಆಫ್ ಇಂಡಿಯಾ’ ಎಂದು ಹೆಸರಾದ ಹಳೆಯ ಆಟ ಅದು: ನೀರು ಪೂರ್ತಿ ಸುರಿದು ಖಾಲಿಯೆಂದು ತೋರಿಸಿ ಬದಿಗಿಟ್ಟ ಚೆಂಬಿನಿಂದ ಸ್ವಲ್ಪ ಹೊತ್ತಿಗೆ ಮತ್ತೆ ನೀರು. ಗುಟ್ಟು ಚೆಂಬಿನದಾದರೂ ಬೆರಗು ನಡುವಿನ ಮಾತಿನದು. ಜನ ಚೆಂಬನ್ನು ಮರೆಯಬೇಕು, ಸರಿಯಾದ ಗಳಿಗೆಯಲ್ಲಿ ಅದು ನೆನಪಾಗಬೇಕು. ತಾಳಮದ್ದಳೆಯ ಅರ್ಥ ಕೇಳಿ ಪಳಗಿದ ಈ ಕಿವಿಗಳು ಸಪ್ಪೆ ಮಾತನ್ನು ಕ್ಷಮಿಸುವುದಿಲ್ಲ. ಕೈಚಳಕ ಕಲಿತಷ್ಟೇ ಶ್ರದ್ಧೆಯಿಂದ ತುಳುವಿನಲ್ಲಿ ಮಾತು ಕಟ್ಟಲು ಕಲಿತವನೇ ಇಲ್ಲಿ ನಿಜವಾದ ಕಲಾವಿದ. ಮಂಗಳೂರಿನ ಕುದ್ರೋಳಿ ಗಣೇಶ್ ತುಳುನಾಡಿನ ಸಂಸ್ಕೃತಿಯನ್ನು ಜಾದೂವಿಗೆ ಬೆಸೆದದ್ದು ಈ ಕಾರಣಕ್ಕೆ ನನಗೆ ಬಹು ಮುಖ್ಯವೆನಿಸುತ್ತದೆ.

ಈಚೆಗೆ ಪ್ರತಿ ಆಟಕ್ಕೂ ಒಂದು ಸಂದೇಶ ಅಂಟಿಸುವ ರೂಢಿ ಬಂದಿದೆ. ಮಾಯವಾದ ಸಿಗರೇಟಿನ ಹಿಂದೆಯೇ ಧೂಮಪಾನದ ಮೇಲೆ ಭಾಷಣ! ಭಾಷಣಕ್ಕೂ ಆಟಕ್ಕೂ ಒಳಗಿನ ನಂಟಿಲ್ಲದಿದ್ದರೆ ಎರಡೂ ಕೆಡುತ್ತವೆ. ನಂಟಿರುವ ಆಟವೂ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ್ದರು. ಆ ಕೆಲಸವನ್ನು ಹಳ್ಳಿಯ ವೇದಿಕೆಯಲ್ಲಿ ಜಾದೂಗಾರನಷ್ಟು ಹಗುರಾಗಿ ಮಾಡಬಲ್ಲವರು ಕಡಿಮೆ. ಮಾಟ ತೆಗೆಯುತ್ತೇನೆಂದು ಹಣ ಕೀಳುವವನು ತೋರಿಸುವ ‘ರಕ್ತ’ವನ್ನು ಅರಶಿನ, ಸುಣ್ಣ, ನೀರು ಬೆರೆಸಿ ಎಲ್ಲರ ಕಣ್ಣೆದುರೇ ಮಾಡಿಬಿಟ್ಟರೆ ಬೇರೆ ಭಾಷಣ ಬೇಕಿಲ್ಲ. ಅದನ್ನು ಮಕ್ಕಳು ಯಾವ ಪಕ್ಕದಿಂದ ಬೇಕಾದರೂ ನೋಡಲಿ. ಜಾದೂಗಾರನನ್ನು ಗೊತ್ತುಮಾಡಲು ಹೋಗುವ ಸಮಿತಿಯವರು ಪೆಟ್ಟಿಗೆ ಎಷ್ಟಿವೆ ಎಂಬುದನ್ನು ಬಿಟ್ಟು, ಪಕ್ಕದಿಂದ ನೋಡಿದರೂ ನಿಲ್ಲುವ ಆಟ ಎಷ್ಟಿವೆ ಎಂದು ಕೇಳಲಿ.