ಪ್ರಶಸ್ತಿಯ ಭಾಷೆ, ಎಲ್ಲೆಯ ಭಾಷೆ
ಪರಿಸರ, ಸಮಾಜ, ಆಡಳಿತ ಎಂಬ ಮೂರು ಪದಗಳನ್ನು ಒಂದೇ ಸಮಸ್ತಪದದಂತೆ ಬಳಸುವ ರೂಢಿಯು ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್ 2004ರಲ್ಲಿ ಹೊರಡಿಸಿದ ವರದಿಯೊಂದರಿಂದ ಹಬ್ಬಿತು. ಕಂಪೆನಿಗಳ ನೀತಿಪತ್ರಗಳಲ್ಲಿಯೂ ಸರಕು ಪೂರೈಕೆಯ ಕರಾರುಗಳಲ್ಲಿಯೂ ಅದು ಇಂದು ಧಾರಾಳವಾಗಿ ಕಾಣುತ್ತದೆ. ಪದವು ಹಬ್ಬಿದಷ್ಟು ಬೇಗ ಅರ್ಥವು ನೆಲೆಗೊಂಡಿಲ್ಲ.

ಈ ವಿಷಯದ ವಿಮರ್ಶೆಗೆ ಕನ್ನಡ ನಾಡಿನ ದಾನಶಾಸನಗಳು ಒಂದು ಒರೆಗಲ್ಲನ್ನು ಒದಗಿಸುವುವು. ಅರಸನ ಪ್ರಶಸ್ತಿಯು ಹಲವೆಡೆ ಸಂಸ್ಕೃತ ವೃತ್ತಗಳಲ್ಲಿ ಅಲಂಕಾರಭರಿತವಾಗಿ ಹರಿಯುತ್ತದೆ. ದತ್ತಭೂಮಿಯ ಎಲ್ಲೆಯನ್ನು ಹೇಳುವ ಸ್ಥಳಕ್ಕೆ ಬಂದೊಡನೆ ಬರೆದವನು ಕನ್ನಡಕ್ಕೆ ಇಳಿದು, ಮೂಡಲಿಗೆ ಇಂಥ ಕಲ್ಲು, ತೆಂಕಲಿಗೆ ಇಂಥ ಕೆರೆ, ಪಡುವಲಿಗೆ ಇಂಥ ಮರ ಎಂದು ಎಣಿಸುತ್ತಾನೆ. ಪ್ರಶಸ್ತಿಯನ್ನು ಹಿಡಿದು ಯಾರೂ ವ್ಯಾಜ್ಯ ಹೂಡಲಾರರು. ಎಲ್ಲೆಯ ಕಲ್ಲನ್ನು ತೋರಿಸಿ ಹೂಡಬಹುದು. (ಶಾಪಶ್ಲೋಕವು ಇವೆರಡರ ನಡುವಣದು, ಇಂದಿನ ಕರಾರುಗಳಿಗೆ ಆ ಅನುಕೂಲವೂ ಇಲ್ಲ.)

“ಸರಬರಾಜುದಾರನು ಪರಿಸರವನ್ನು ಗೌರವಿಸತಕ್ಕದ್ದು” ಎಂಬಂಥ ಷರತ್ತು ಪ್ರಶಸ್ತಿಯ ಜಾತಿಗೆ ಸೇರಿದುದು. ಅದು ಭಂಗವಾದುದನ್ನು ತೋರಿಸಲು ಅಳತೆಯೇ ಇಲ್ಲ. ಅರ್ಥವು ನಿಶ್ಚಿತವಲ್ಲದ, ನಿಶ್ಚಿತಗೊಳಿಸಲೂ ಆಗದ ಒಪ್ಪಂದವು ಶೂನ್ಯವೆಂದು 1872ರ ಕರಾರು ಕಾಯಿದೆಯ 29ನೆಯ ಪ್ರಕರಣವೇ ಸಾರುತ್ತದೆ. 2013ರ ಕಂಪೆನಿ ಕಾಯಿದೆಯ 166ನೆಯ ಪ್ರಕರಣವು ನಿರ್ದೇಶಕನು ನೌಕರರ, ಷೇರುದಾರರ, ಸಮುದಾಯದ ಹಿತವನ್ನೂ ಪರಿಸರರಕ್ಷಣೆಯನ್ನೂ ನೋಡತಕ್ಕದ್ದೆಂದು ವಿಧಿಸಿತು. ಸಮುದಾಯವೆಂದರೆ ಯಾರೆಂಬುದನ್ನು ಮಾತ್ರ ಅಲ್ಲಿ ಹೇಳಲಿಲ್ಲ. ಕಾರ್ಖಾನೆಯ ತಗ್ಗಿನಲ್ಲಿರುವ ಊರಿನವರು, ಬಾವಿ ಕೆಟ್ಟವರು, ಅದರೊಳಗೆ ಸೇರಿದರೋ ಇಲ್ಲವೋ?

ಷೇರುಪೇಟೆಯ ನಿಯಂತ್ರಣಮಂಡಲಿಯಾದ ಸೆಬಿ 2021ರಲ್ಲಿ ರೂಪಿಸಿ, 2022-23ರಿಂದ ಪೇಟೆಯ ಮೌಲ್ಯದಲ್ಲಿ ಮೊದಲ 1000 ಕಂಪೆನಿಗಳಿಗೆ ಕಡ್ಡಾಯ ಮಾಡಿದ ವರದಿಯ ನಮೂನೆಯು ಈ ದೃಷ್ಟಿಯಿಂದ ಮೇಲಾದುದು. ನೆಲದಡಿಯಿಂದ ಎತ್ತಿದ ನೀರು ಎಷ್ಟು ಕಿಲೋಲೀಟರು, ಕನಿಷ್ಠ ವೇತನವನ್ನಷ್ಟೆ ಪಡೆದವರೆಷ್ಟು ಮಂದಿ, ಅದಕ್ಕಿಂತ ಹೆಚ್ಚು ಪಡೆದವರೆಷ್ಟು ಮಂದಿ ಎಂದು ಅದು ಕೇಳುತ್ತದೆ. ಇದು ಎಲ್ಲೆಯ ಭಾಷೆ. ಆದರೂ ವರದಿಯು ಎಣಿಕೆಯನ್ನು ಕೇಳುವುದೇ ಹೊರತು ಇಷ್ಟನ್ನು ಮೀರಬಾರದೆಂದು ಹೇಳದು. ಆ ಕಲ್ಲನ್ನು ನೆಡತಕ್ಕದ್ದು ಕರಾರಿನಲ್ಲಿಯೇ.

ಮೂರನೆಯ ಪದಕ್ಕೆ ಕೊಟ್ಟ ಕನ್ನಡವಂತೂ ಸಮರ್ಪಕವಲ್ಲ. ಆಡಳಿತವೆಂದರೆ ಕಾರ್ಯ ನಡೆಸುವುದು. ಇಲ್ಲಿ ಉದ್ದಿಷ್ಟವಾದುದು ನಡೆಸುವವರನ್ನು ವಿಚಾರಿಸುವುದು, ಎಂದರೆ ಲೆಕ್ಕದ ಶೋಧನೆ, ಸ್ವತಂತ್ರ ನಿರ್ದೇಶಕರು, ದೂರು ಕೇಳುವ ಏರ್ಪಾಡು. ಶಾಸನಗಳಲ್ಲಿ ದಾನಿಯಲ್ಲದೆ ಬೇರೆ ಸಾಕ್ಷಿಗಳ ಹೆಸರನ್ನೂ ಕೆತ್ತಿರುವುದುಂಟು. ‘ಆಡಳಿತ’ವೆಂದಷ್ಟೆ ಬರೆದ ಕರಾರಿನಲ್ಲಿ ಆಳುವವನೇ ಸಾಕ್ಷಿಯಾಗಿ ನಿಲ್ಲುತ್ತಾನೆ. ‘ಮೇಲ್ವಿಚಾರಣೆ’ ಎಂಬ ಹಳೆಯ ಮಾತು, ಅಷ್ಟೇನೂ ಠೀವಿಯದಲ್ಲದಿದ್ದರೂ, ಈ ಅರ್ಥಕ್ಕೆ ಹೆಚ್ಚು ಹೊಂದುವುದು.