ಕಾಳಿಯ ಕಲ್ಲು

ನಾಯಿ ಸತ್ತರೆ ಅಳಲಿಕ್ಕೆ ನಮ್ಮಲ್ಲಿ ಪದ್ಧತಿಯಿಲ್ಲ. ಮನುಷ್ಯರು ಸತ್ತರೆ ಮೂರನೆಯ ದಿನ, ಐದನೆಯ ದಿನ, ಹನ್ನೊಂದನೆಯ ದಿನ ಎಂದು ಲೆಕ್ಕವಿದೆ. ಯಾರು ಬರಬೇಕು, ಬಂದವರು ಏನು ಮಾತಾಡಬೇಕು, ಎಷ್ಟು ಹೊತ್ತು ಕೂಡಬೇಕು, ಎಲ್ಲವೂ ಗೊತ್ತಿದೆ. ಎತ್ತು ಸತ್ತರೂ ಓಣಿಯ ನಾಲ್ಕು ಜನ ಕಟ್ಟೆಯ ಮೇಲೆ ಬಂದು ಕೂತು, ಒಕ್ಕಲಿಗನ ಬಲಗೈ ಹೋಯಿತು ಎಂದು ಮರುಗುತ್ತಾರೆ. ಎತ್ತಿಗೆ ಕಾರಹುಣ್ಣಿಮೆಯಾದರೂ ಇದೆ. ನಾಯಿಗೆ ಹಬ್ಬವೂ ಇಲ್ಲ, ಸೂತಕವೂ ಇಲ್ಲ. ಅದು ಸತ್ತ ದಿನ ಮನೆಯವರು ಒಬ್ಬರ ಮುಖ ಒಬ್ಬರು ನೋಡದೆ ಸುಮ್ಮನೆ ಉಂಡು ಏಳುತ್ತಾರೆ. ಅತ್ತರೆ ಜನ ನಗುತ್ತಾರೆ ಎಂಬ ಅಂಜಿಕೆ.

ಇಂಥ ನಾಡಿನಲ್ಲೇ ಸಾವಿರ ವರ್ಷಕ್ಕೂ ಹಿಂದೆ ಒಬ್ಬ ವೀರ ತನ್ನ ಬೇಟೆ ನಾಯಿ ಸತ್ತಾಗ ಊರೆಲ್ಲ ನೋಡುವಂತೆ ಕಲ್ಲು ನಿಲ್ಲಿಸಿದ. ಅದು ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50. ಹಳಗನ್ನಡದ ಬರಹ. ಫ್ಲೀಟ್, ರೈಸ್ ಮೊದಲಾದ ವಿದ್ವಾಂಸರು ಓದಿ ಅಚ್ಚು ಹಾಕಿಸಿದ್ದಾರೆ. ಇತಿಹಾಸ ಬಲ್ಲವರು ಅದನ್ನು ದೊಡ್ಡ ದಾಖಲೆ ಎನ್ನುತ್ತಾರೆ. ನನಗೆ ಅದು ಕನ್ನಡದಲ್ಲಿ ಬರೆದ ಒಳ್ಳೆಯ ಶೋಕಪತ್ರಗಳಲ್ಲಿ ಒಂದಾಗಿ ಕಾಣುತ್ತದೆ. ಹಾಗೆ ಯಾಕೆ ಕಾಣುತ್ತದೆ ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಕಥೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋದ. ಈ ಕೃಷ್ಣ ನಮಗೆ ದೂರದವನಲ್ಲ. ಅವನ ರಾಜಧಾನಿ ಮಾನ್ಯಖೇಟವೆಂದರೆ ನಮ್ಮ ಕಲಬುರಗಿ ಜಿಲ್ಲೆಯ, ಕಾಗಿಣಾ ದಂಡೆಯ ಮಳಖೇಡ. ತಕ್ಕೋಲದಲ್ಲಿ 949ರಲ್ಲಿ ಯುದ್ಧವಾಯಿತು. ಕೃಷ್ಣನ ಕಡೆಯಿಂದ ಕಾದಿದ ಗಂಗರ ದೊರೆ ಇಮ್ಮಡಿ ಬೂತುಗ, ಚೋಳರ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಅದಕ್ಕೆ ಮೆಚ್ಚಿ ಕೃಷ್ಣ ಅವನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಕೊಟ್ಟ. ಬೂತುಗನ ಮುಂದೆ ನಿಂತು ಹೋರಾಡಿದವನು ಮಣಲೇರನೆಂಬ ವೀರ. ಏನು ಬೇಕು ಬೇಡಿಕೋ ಎಂದು ಬೂತುಗ ಅವನಿಗೆ ಹೇಳಿದ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು.

ಆಮೇಲೆ ಬೂತುಗ ಅವನಿಗೆ ಊರುಗಳನ್ನೂ ಕೊಟ್ಟನೆಂದು ಅದೇ ಕಲ್ಲು ಹೇಳುತ್ತದೆ. ಆದರೆ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನು. ನಾಡುಗಳನ್ನೇ ಹಂಚುತ್ತಿದ್ದ ಹೊತ್ತಿನಲ್ಲಿ ಒಬ್ಬನಿಗೆ ನಾಯಿ ಕೇಳಬೇಕೆನ್ನಿಸಿತಲ್ಲ, ಆ ಒಂದು ಬೇಡಿಕೆಯಲ್ಲೇ ಮಣಲೇರ ಎಂಥ ಮನುಷ್ಯನೆಂದು ತಿಳಿಯುತ್ತದೆ.

ಮುಂದಿನದು ಚಿಕ್ಕ ಕಥೆ. ಕೆಳಲೆ ನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ಒಂದು ಭಾರಿ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಕಚ್ಚಾಡಿ ಒಟ್ಟಿಗೇ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ದತ್ತಿ ಬಿಟ್ಟರು. ಆ ಗುಡಿ ನೋಡಿಕೊಳ್ಳುವ ಗೊರವ, ಎಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಆ ನಾಯಿಯ ಪಾಪ ತಟ್ಟುತ್ತದೆ ಎಂದು ಬರೆಸಿದರು.

ಕಥೆ ಇಷ್ಟೇ. ಈಗ ಬರಹದ ರೀತಿಯನ್ನು ನೋಡೋಣ. ಮಣಲೇರನ ಶೌರ್ಯದ ಮಾತು ಬಂದಾಗ ಶಾಸನಕವಿ ಪದ್ಯಕ್ಕೆ ಕೈ ಹಾಕುತ್ತಾನೆ. ಅಲ್ಲಿ ಹೋಲಿಕೆಗಳಿವೆ, ಬಿರುದುಗಳಿವೆ, ಏರುದನಿಯಿದೆ. ಅದು ಆ ಕಾಲದ ವಾಡಿಕೆ. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ಅವನು ಸಾದಾ ಗದ್ಯಕ್ಕೆ ಇಳಿಯುತ್ತಾನೆ. ಕಾಳಿ ಸಿಂಹದಂತಿತ್ತು, ಮಿಂಚಿನಂತಿತ್ತು ಎನ್ನುವುದಿಲ್ಲ. ಬಿಟ್ಟರು, ಸತ್ತವು, ಕಲ್ಲು ನಿಲ್ಲಿಸಿದರು ಎಂದಷ್ಟೇ ಹೇಳುತ್ತಾನೆ. ಸತ್ತವು ಎಂಬ ಒಂದೇ ಕ್ರಿಯಾಪದ ಹಂದಿಗೂ ನಾಯಿಗೂ ಸಲ್ಲುತ್ತದೆ. ಹಂದಿಯನ್ನು ಅವನು ಬೈಯುವುದೂ ಇಲ್ಲ. ಸಾವಿನ ಮನೆಯಲ್ಲಿ ಬಹಳ ಹತ್ತಿರದವರು ಮಾತಾಡುವುದು ಹೀಗೆಯೇ. ನೀವೇ ನೆನಪು ಮಾಡಿಕೊಳ್ಳಿ, ದೊಡ್ಡ ದನಿಯಲ್ಲಿ ಗುಣಗಾನ ಮಾಡುವವರು ದೂರದ ನೆಂಟರು. ಗಂಡನನ್ನು ಕಳೆದುಕೊಂಡವಳು, ಮಗನನ್ನು ಕಳೆದುಕೊಂಡವಳು, ಆದದ್ದನ್ನು ಆದಂತೆ ಎರಡು ಮಾತಿನಲ್ಲಿ ಹೇಳಿ ಸುಮ್ಮನಾಗುತ್ತಾಳೆ.

ಕಲ್ಲಿನ ಚಿತ್ರವೂ ಹಾಗೆಯೇ ಇದೆ. ನಮ್ಮ ಊರುಗಳ ಅಗಸಿಯ ಬಳಿ, ಹಣಮಂದೇವರ ಗುಡಿಯ ಹಿಂದೆ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಸಾಮಾನ್ಯವಾಗಿ ಕೆಳಗೆ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಆತಕೂರಿನ ಕಲ್ಲಿನಲ್ಲಿ ನಾಯಿ ಮತ್ತು ಹಂದಿ ಮುಖಾಮುಖಿಯಾಗಿ ಸೆಣಸುತ್ತಿವೆ, ಅಷ್ಟೇ. ಕಾಳಿಯನ್ನು ಕೈಲಾಸಕ್ಕೆ ಕಳಿಸುವ ಗೋಜಿಗೆ ಅವರು ಹೋಗಲಿಲ್ಲ. ಅದು ಬದುಕಿದ್ದಾಗ ಹೇಗಿತ್ತೋ ಹಾಗೆ ನೆಲದ ಮೇಲೆಯೇ ಇದೆ.

ನನಗೆ ಈ ಕಲ್ಲಿನಲ್ಲಿ ಬಹಳ ದೊಡ್ಡದಾಗಿ ಕಂಡದ್ದು ಇದು. ನಾವು ನಾಯಿಯನ್ನು ಗೌರವಿಸಬೇಕಾದರೆ ಮೊದಲು ಅದನ್ನು ಬೇರೆ ಏನಾದರೂ ಮಾಡಿಬಿಡುತ್ತೇವೆ. ನಮ್ಮ ಅಫಜಲಪುರ ತಾಲ್ಲೂಕಿನ ಗಾಣಗಾಪುರವನ್ನೇ ನೋಡಿ. ನಮ್ಮ ಆಳಂದ ಸೀಮೆಯ ಅಮರ್ಜಾ ಭೀಮೆಯನ್ನು ಕೂಡುವ ಆ ಕ್ಷೇತ್ರದಲ್ಲಿ ದತ್ತನ ಪಟದೊಳಗೆ ನಾಲ್ಕು ನಾಯಿಗಳಿವೆ. ಕೇಳಿದರೆ, ಅವು ನಾಯಿಗಳಲ್ಲ, ನಾಲ್ಕು ವೇದಗಳು ಎನ್ನುತ್ತಾರೆ. ಧರ್ಮರಾಯನ ಹಿಂದೆ ಹಿಮಾಲಯದವರೆಗೆ ನಡೆದ ನಾಯಿ ಕೊನೆಗೆ ಯಮಧರ್ಮನಾಗಿ ನಿಂತಿತು. ಕಥೆ ಕೇಳಿದ ಮಕ್ಕಳು, ಹಾಗಾದರೆ ನಿಜವಾದ ನಾಯಿ ಎಲ್ಲಿ ಹೋಯಿತು ಟೀಚರ್ ಎಂದು ಕೇಳುತ್ತಾರೆ. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಇಂಗ್ಲೆಂಡಿನ ಕವಿ ಬೈರನ್ 1808ರಲ್ಲಿ ಸತ್ತ ತನ್ನ ನಾಯಿ ಬೋಟ್ಸ್‌ವೇನ್‌ಗೆ ಗೋರಿ ಕಟ್ಟಿಸಿ ಪದ್ಯ ಬರೆಸಿದ. ಅದರಲ್ಲಿ ನಾಯಿಯ ಹೊಗಳಿಕೆಗಿಂತ ಮನುಷ್ಯರ ಮೇಲಿನ ಸಿಟ್ಟೇ ಹೆಚ್ಚು. ದೇವರನ್ನಾಗಿ ಮಾಡದೆ, ಮನುಷ್ಯರನ್ನು ಬೈಯಲಿಕ್ಕೆ ನೆಪವನ್ನಾಗಿಯೂ ಮಾಡದೆ, ನಾಯಿಯನ್ನು ನಾಯಿಯೆಂದೇ ನೆನೆದ ಕಲ್ಲುಗಳು ಕಡಿಮೆ. ತಮಿಳುನಾಡಿನ ಎಡುತ್ತನೂರಿನಲ್ಲಿ ಏಳನೆಯ ಶತಮಾನದ ಒಂದಿದೆ. ಅದು ಒಡೆಯನ ಜೊತೆಗೆ ಕೋವಿವನ್ ಎಂಬ ಅವನ ನಾಯಿಯನ್ನೂ ನೆನೆಯುತ್ತದೆ. ನಮ್ಮ ಕಾಳಿಗೆ ಇರುವುದು ತನ್ನದೇ ಕಲ್ಲು.

ಆದರೆ ಒಂದು ಆಕ್ಷೇಪಣೆ ಇದೆ, ಅದನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಹಂದಿಯ ಬಾಯಿಗೆ ಕಾಳಿಯನ್ನು ಬಿಟ್ಟವರು ಯಾರು? ಬೇಟೆಯ ಖುಷಿಗೆ ಬಿಟ್ಟವರೂ ಅವರೇ, ಸತ್ತ ಮೇಲೆ ಕಲ್ಲು ನಿಲ್ಲಿಸಿದವರೂ ಅವರೇ. ಇದೆಂಥ ದುಃಖ ಎಂದು ಯಾರಾದರೂ ಕೇಳಬಹುದು. ಮಕ್ಕಳನ್ನು ದಂಡಿಗೆ ಕಳಿಸಿ ಕಣ್ಣೀರು ಹಾಕುವ ರಾಜರನ್ನು ಕಂಡ ಹೆಣ್ಣುಮಕ್ಕಳಂತೂ ಕೇಳಿಯೇ ಕೇಳುತ್ತಾರೆ. ಶಾಸನ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆದರೆ ಮುಚ್ಚಿಟ್ಟೂ ಇಲ್ಲ. ನಾಯಿ ತಾನಾಗಿ ಓಡಿತು ಎಂದು ಬರೆಸದೆ, ಬಿಟ್ಟರು ಎಂದೇ ಬರೆಸಿದ್ದಾರೆ. ಪೂಜೆ ತಪ್ಪಿದರೆ ನಾಯಿಯ ಪಾಪ ಎಂಬ ಮಾತನ್ನು ಓದಿದಾಗಲೆಲ್ಲ, ಆ ಪಾಪದ ಭಯ ಗೊರವನಿಗಿಂತ ಮೊದಲು ಬರೆಸಿದವನಿಗೇ ಇತ್ತೇನೋ ಎಂದು ನನಗನ್ನಿಸುತ್ತದೆ.

ಉಣ್ಣುವ ಮೊದಲು ನೆನೆಯಬೇಕು ಎಂಬ ಆ ಕಟ್ಟಳೆಯ ಅರ್ಥ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ನನ್ನ ಮುತ್ಯಾನಿಂದ. ಆಳಂದ ತಾಲ್ಲೂಕಿನ ನಮ್ಮ ತವರಿನಲ್ಲಿ ಮುತ್ಯಾ ಮುಧೋಳದ ತಳಿಯ ಒಂದು ನಾಯಿ ಸಾಕಿದ್ದ. ಉದ್ದ ಮೂತಿ, ಸಣ್ಣ ನಡ, ಹೆಸರು ಮೋತ್ಯಾ. ಬೇಟೆಗೆ 1972ರ ಕಾಯ್ದೆ ಬಂದಿತ್ತು, ಹೀಗಾಗಿ ಮೋತ್ಯಾನ ಕೆಲಸ ತೊಗರಿ ಹೊಲ ಕಾಯುವುದು. ಒಂದು ರಾತ್ರಿ ಹಂದಿಯ ಕೋರೆ ತಾಗಿ ಹೊಟ್ಟೆ ಹರಿದು, ಬೆಳಗಾಗುವುದರೊಳಗೆ ಸತ್ತಿತು. ಹೊಲದ ಬದುವಿನಲ್ಲಿ ಬನ್ನಿಗಿಡದ ಬುಡಕ್ಕೆ ಹೂಳಿ ಬಂದ ಮುತ್ಯಾ ಕಟ್ಟೆಯ ಮೇಲೆ ಕೂತವನು ಊಟಕ್ಕೆ ಏಳಲಿಲ್ಲ. ಕಾಕಾ ಹೇಳಿದ: "ಏಳಪ್ಪಾ. ನಾಯಿ ಸತ್ತದಂತ ಯಾರರ ಉಪಾಸ ಕೂಡ್ತಾರೇನು? ನಾಳಿ ಇನ್ನೊಂದು ಮರಿ ತರ್ತೀನಿ." ಮುತ್ಯಾ ಅಂದ: "ಮರಿ ತರ್ತಿ ಖರೆ. ಮೋತ್ಯಾಗ ತರ್ತಿ ಏನು?" ಮರುದಿನದಿಂದ ಅವನು ರೊಟ್ಟಿ ಮುರಿದಾಗ ಮೊದಲಿನ ತುಂಡನ್ನು ಎಂದಿನಂತೆ ಗಂಗಾಳದ ಬಲಕ್ಕೆ ಇಡುತ್ತಿದ್ದ. ತಿನ್ನುವ ಬಾಯಿ ಇಲ್ಲ. ಆಯಿ ಏನೂ ಅನ್ನದೆ ಅದನ್ನು ಎತ್ತಿ ಕಾಗೆಗೆ ಹಾಕುತ್ತಿದ್ದಳು. ಅವನು ಇರುವತನಕ ಹಾಗೆಯೇ ನಡೆಯಿತು. ಮುತ್ಯಾ ಆತಕೂರಿನ ಹೆಸರು ಕೇಳಿದವನಲ್ಲ.

ಆ ಕಲ್ಲನ್ನು ನಮ್ಮ ಪಾಠಗಳು ನಡೆಸಿಕೊಂಡ ರೀತಿ ನನಗೆ ಸರಿಬರುವುದಿಲ್ಲ. ತಕ್ಕೋಲ ಕದನ, 949, ಮೂರನೆಯ ಕೃಷ್ಣ, ರಾಜಾದಿತ್ಯನ ಸಾವು, ಇಷ್ಟನ್ನು ಎರಡು ಅಂಕಕ್ಕೆ ಬರೆಸುತ್ತೇವೆ. ನಾಯಿಯನ್ನು ತಮಾಷೆಯ ಸಂಗತಿಯೆಂದು ಬದಿಗೆ ಸರಿಸುತ್ತೇವೆ. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ಯುದ್ಧಕ್ಕಾಗಿ ಅಲ್ಲ, ನಾಯಿಗಾಗಿ. ಯುದ್ಧದ ಸುದ್ದಿ ನಮ್ಮವರೆಗೆ ಬಂದದ್ದು ಕಾಳಿಯ ಬೆನ್ನೇರಿ. ನಾಡುಗಳನ್ನು ಹಂಚಿದ ಚಕ್ರವರ್ತಿಯ ಮಳಖೇಡವನ್ನು 972ರಲ್ಲಿ ಪರಮಾರ ಸೀಯಕ ಸೂರೆ ಮಾಡಿದ. ಇವತ್ತು ಅಲ್ಲಿ ಕೋಟೆಯ ಹಾಳು ಗೋಡೆಗಳನ್ನು ನೋಡಿ ಬರಬಹುದು. ಆತಕೂರಿನ ಕಲ್ಲು ಅಕ್ಷರ ಸಮೇತ ಉಳಿದಿದೆ.

ಜೇವರ್ಗಿ ತಾಲ್ಲೂಕಿನ ಒಂದು ಊರಿನಲ್ಲಿ ನಾನು ಪಾಠ ಮಾಡುತ್ತಿದ್ದಾಗ ಏಳನೆಯ ಇಯತ್ತೆಯ ಹುಡುಗನೊಬ್ಬ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಜ್ವರ ಬಂದಿತ್ತು ಎಂದು ಮನೆಯವರ ಚೀಟಿ ತಂದ. ಜ್ವರ ಬಂದಿರಲಿಲ್ಲ. ಅವನ ನಾಯಿ ಲಾರಿಯ ಕೆಳಗೆ ಸಿಕ್ಕಿ ಸತ್ತಿತ್ತು. ಇದನ್ನು ಅವನ ಪಕ್ಕದಲ್ಲಿ ಕೂಡುವ ಹುಡುಗಿ ನನ್ನ ಕಿವಿಯಲ್ಲಿ ಗುಟ್ಟಿನಂತೆ ಹೇಳಿದಳು. ಆ ಮನೆಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾಯಿ ಸತ್ತಿದೆ, ಮಗುವಿಗೆ ಸಂಕಟವಾಗಿದೆ ಎಂದು ಚೀಟಿ ಬರೆಯುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ? ಆ ದಿನ ಇತಿಹಾಸದ ತಾಸಿನಲ್ಲಿ ನಾನು ಕಾಳಿಯ ಕಥೆ ಹೇಳಿದೆ. ಯಾಕೆ ಹೇಳುತ್ತಿದ್ದೇನೆಂದು ಹೇಳಲಿಲ್ಲ. ಯುದ್ಧ ಗೆದ್ದುಬಂದ ವೀರನೊಬ್ಬ ತನ್ನ ನಾಯಿಗಾಗಿ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಯಾರೂ ನಗಲಿಲ್ಲ ಎಂದಾಗ ಆ ಹುಡುಗ ತಲೆ ಎತ್ತಿದ. ಕಾಳಿ ಯಾವ ಬಣ್ಣದ್ದಿತ್ತು ಟೀಚರ್ ಎಂದು ಕೇಳಿದ. ಕರಿಯದೇ ಇದ್ದಿರಬೇಕಪ್ಪ, ಹೆಸರೇ ಹಾಗಿದೆಯಲ್ಲ ಎಂದೆ. ನಮ್ಮದು ಕಂದು ಎಂದು ಅವನು ಎಲ್ಲರೆದುರು ಹೇಳಿದ.

ಬೆಂಗಳೂರಿನಲ್ಲಿ ಮಗಳ ಮನೆಗೆ ಹೋದಾಗ ನಾನು ಆ ಕಲ್ಲನ್ನು ನೋಡಿ ಬಂದಿದ್ದೇನೆ. ಅಲ್ಲಿ ಗೊರವನಿಲ್ಲ, ಪೂಜೆಯಿಲ್ಲ. ಮಣಲೇರನ ಕಟ್ಟಳೆ ಎಂದೋ ತಪ್ಪಿಹೋಗಿದೆ. ಆದರೆ ಅದನ್ನು ನಡೆಸಲು ಗುಡಿಯೂ ಬೇಡ, ಎರಡು ಖಂಡುಗದ ಭೂಮಿಯೂ ಬೇಡ. ಅಕ್ಕತಂಗಿಯರೇ, ನಿಮ್ಮ ಮನೆಯ ನಾಯಿ ಸತ್ತು ಮಗು ಮೂಲೆ ಹಿಡಿದು ಕೂತರೆ, ಇನ್ನೊಂದು ತರೋಣ ಸುಮ್ಮನಿರು ಎಂದು ಆ ಕ್ಷಣಕ್ಕೇ ಹೇಳಬೇಡಿ. ಅದರ ಹೆಸರು ಹಿಡಿದು ಮಾತಾಡಿ. ಎಲ್ಲಿ ಹೂಳಿದ್ದೀರೆಂದು ತೋರಿಸಿ. ಮಗು ಉಣ್ಣಲಿಕ್ಕೆ ತುಸು ತಡ ಮಾಡಿದರೆ ಮಾಡಲಿ ಬಿಡಿ.