ಯಾರ ‘ನಾವು’? – ‘ದಿ ವಾಟರ್ ಕ್ಯೂರ್’ ಕಾದಂಬರಿಯ ಮೂವರು ಸೋದರಿಯರು

ಸೋಫಿ ಮ್ಯಾಕಿಂಟಾಷ್ ಅವರ ಮೊದಲ ಕಾದಂಬರಿ ‘ದಿ ವಾಟರ್ ಕ್ಯೂರ್’ 2018ರಲ್ಲಿ ಬುಕರ್ ಪ್ರಶಸ್ತಿಯ ಮೊದಲ ಪಟ್ಟಿಯಲ್ಲಿ ಸ್ಥಾನ ಪಡೆದಂದಿನಿಂದ ಸ್ತ್ರೀವಾದಿ ದುಃಸ್ವಪ್ನಲೋಕದ ಕಥನವೆಂದೇ ಚರ್ಚಿತವಾಗಿದೆ. ಈ ಹಣೆಪಟ್ಟಿ ಸುಳ್ಳಲ್ಲ. ಆದರೆ ಕೃತಿಯ ಬಿಗಿಯಿರುವುದು ಬೇರೆಡೆ. ಐದೇ ಜನರ ಒಂದು ಪಂಥವು ಮೂವರು ಸೋದರಿಯರನ್ನು ಒಂದೇ ಸೂರಿನಡಿ ಇಟ್ಟುಕೊಂಡೇ ಅಗಲಿಸುವ ಬಗೆ ಇಲ್ಲಿನ ನಿಜವಾದ ವಸ್ತು.

ಗ್ರೇಸ್, ಲಿಯಾ, ಸ್ಕೈ ತಂದೆತಾಯಿಯರೊಡನೆ ಕಡಲಂಚಿನ ಏಕಾಂತ ಮನೆಯಲ್ಲಿ ಬೆಳೆದವರು. ಆಚೆಯ ಗಾಳಿ ಹೆಣ್ಣಿನ ಮೈಗೆ ವಿಷವೆಂಬುದು ಆ ಮನೆಯ ಮೂಲಸೂತ್ರ. ಅದಕ್ಕೆ ಚಿಕಿತ್ಸೆಗಳುಂಟು: ಭಾರ ತುಂಬಿದ ಉಡುಪು ತೊಟ್ಟು ನೀರಿಗಿಳಿಯಬೇಕು, ಚೀಲದಲ್ಲಿ ಹೊಲಿಸಿಕೊಂಡು ಬಿಸಿಕೋಣೆಯಲ್ಲಿ ಪ್ರಜ್ಞೆ ತಪ್ಪುವವರೆಗೆ ಬೇಯಬೇಕು. ತಂದೆಯನ್ನು ಮನೆಯವರು ಕರೆಯುವುದು ‘ಕಿಂಗ್’ ಎಂದು.

ಆದರೆ ಮೈಯ ಮೇಲಿನ ಈ ಕ್ರೌರ್ಯಕ್ಕಿಂತ ಸೂಕ್ಷ್ಮವಾದ ಆಚರಣೆಯೊಂದಿದೆ. ವರ್ಷಕ್ಕೊಮ್ಮೆ ಮನೆಯವರೆಲ್ಲ ಚೀಟಿ ಎತ್ತುವಂತೆ ಕಬ್ಬಿಣದ ತುಂಡುಗಳನ್ನು ಎತ್ತುತ್ತಾರೆ. ಆ ವರ್ಷ ಯಾರು ಯಾರನ್ನು ಹೆಚ್ಚಾಗಿ ಪ್ರೀತಿಸಬೇಕೆಂಬುದು ಅದರಿಂದ ಗೊತ್ತಾಗುತ್ತದೆ. ನಡುವಿನವಳಾದ ಲಿಯಾಳ ಪಾಲಿಗೆ ಬರುವುದು ಯಾರೂ ಇಲ್ಲದ ತುಂಡು. ಅರಸನೊಬ್ಬ ಮೂವರು ಮಕ್ಕಳ ಪ್ರೀತಿಯನ್ನು ಅಳೆಯಹೊರಟ ಲಿಯರ್‌ನ ಕಥೆ ಇಲ್ಲಿ ತಿರುವುಮುರುವಾಗಿದೆ: ಅಲ್ಲಿ ಪ್ರೀತಿಯನ್ನು ಮಾತಿನಲ್ಲಿ ಒಪ್ಪಿಸಬೇಕಿತ್ತು, ಇಲ್ಲಿ ಅದನ್ನು ಪಡಿತರದಂತೆ ಹಂಚಲಾಗುತ್ತದೆ. ಹಂಚಿಕೆಯಾದ ಮೇಲೆ ಅಕ್ಕನ ಅಕ್ಕರೆಯೂ ತಂಗಿಯ ಹಕ್ಕಾಗಿ ಉಳಿಯುವುದಿಲ್ಲ. ಗ್ರೇಸ್ ಬಸುರಿಯಾದುದರ ನಿಜ ಲಿಯಾಳಿಗೆ ಮುಚ್ಚಿಹೋಗಿರುವುದೂ, ಮುಂದೆ ಕಡಲಾಚೆಯಿಂದ ಬಂದ ಗಂಡಸರಲ್ಲಿ ಲ್ಯೂ ಎಂಬವನಿಗೆ ಲಿಯಾ ಅಷ್ಟು ಸುಲಭವಾಗಿ ಒಲಿಯುವುದೂ ಈ ಬರಗಾಲದ ಫಲವೇ.

ಈ ಬಿರುಕು ಕಾದಂಬರಿಯ ವ್ಯಾಕರಣಕ್ಕೂ ಇಳಿದಿದೆ. ಕೆಲವು ಭಾಗಗಳನ್ನು ಗ್ರೇಸ್, ಕೆಲವನ್ನು ಲಿಯಾ ಹೇಳಿದರೆ ಇನ್ನು ಕೆಲವನ್ನು ಮೂವರೂ ಒಟ್ಟಾಗಿ ಉತ್ತಮಪುರುಷ ಬಹುವಚನದಲ್ಲಿ ಹೇಳುತ್ತಾರೆ. ಕಿರಿಯಳಾದ ಸ್ಕೈಯ ದನಿ ಬಹುಮಟ್ಟಿಗೆ ಕೇಳಿಸುವುದು ಈ ಬಹುವಚನದೊಳಗೇ. ಈ ‘ನಾವು’ ಯಾರದು? ಮೂವರು ಸೋದರಿಯರದೋ, ಕಿಂಗ್ ಮತ್ತು ತಾಯಿಯನ್ನೂ ಒಳಗೊಂಡ ಮನೆಯದೋ? ಇಂಗ್ಲಿಷಿನ ಸರ್ವನಾಮ ಇದನ್ನು ಬಿಡಿಸಿ ಹೇಳುವುದಿಲ್ಲ. ಪಂಥದ ಅಧಿಕಾರ ಅಡಗಿರುವುದೇ ಈ ಅಸ್ಪಷ್ಟತೆಯಲ್ಲಿ.

ಶಿಷ್ಟ ಕನ್ನಡವೂ ಇಲ್ಲಿ ಇಂಗ್ಲಿಷಿನಷ್ಟೇ ಮೌನಿ. ಗಡಿನಾಡಿನ ಓದುಗನ ಕಿವಿ ಮಾತ್ರ ಬೇರೆ. ಕೇಳುಗನನ್ನು ಒಳಗೊಳ್ಳುವ ‘ನಾವು’, ಹೊರಗಿಡುವ ‘ನಾವು’ ಎಂಬ ಭೇದ ಅವನ ಹಲವು ನೆರೆಭಾಷೆಗಳಲ್ಲಿ ಜೀವಂತವಾಗಿದೆ: ತುಳುವಿನ ನಮ–ಎಂಕುಳು, ತಮಿಳಿನ ನಾಮ್–ನಾಂಗಳ್, ತೆಲುಗಿನ ಮನಮು–ಮೇಮು, ಮರಾಠಿಯ ಆಪಣ–ಆಮ್ಹೀ. ಮಲಯಾಳದಲ್ಲೂ ಹಾಗೆಯೇ. ಕಾಸರಗೋಡಿನ ಹವ್ಯಕ ಮನೆಮಾತಂತೂ ‘ನಾವು’, ‘ಎಂಗೊ’ಗಳನ್ನು ಬೇರೆಬೇರೆಯಾಗಿಯೇ ಬಳಸುತ್ತದೆ. ಈ ಕಿವಿಯಿಂದ ಕೇಳಿದರೆ ಕಾದಂಬರಿಯ ಚಲನೆ ಸ್ಪಷ್ಟ: ಕಿಂಗ್ ಕಲಿಸಿದ ‘ನಮ’ದಿಂದ ಸೋದರಿಯರ ‘ಎಂಕುಳು’ವಿನ ಕಡೆಗೆ. ಮ್ಯಾಕಿಂಟಾಷ್ ವೆಲ್ಶ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರು. ಆ ಸಂಗತಿಯೊಂದರಿಂದಲೇ ಕೃತಿಗೆ ಅರ್ಥ ಹಚ್ಚುವುದು ಅವಸರವಾದೀತು.

ಕೃತಿಯ ದೌರ್ಬಲ್ಯಗಳು ಕಡಿಮೆಯಿಲ್ಲ. ಹೊರಗಿನ ಲೋಕ ಮಂಜಿನಲ್ಲೇ ಉಳಿಯುತ್ತದೆ. ಗಾಳಿ ನಿಜಕ್ಕೂ ವಿಷವೇ ಎಂಬ ಪ್ರಶ್ನೆಯನ್ನು ತೆರೆದಿಟ್ಟದ್ದು ಮೊದಲು ಧ್ವನಿಯಾಗಿ ತೋರಿದರೂ ಕೊನೆಗೆ ನುಣುಚಿಕೊಳ್ಳುವಿಕೆಯೆನಿಸುತ್ತದೆ. ಗಂಡಸರು ಪಾತ್ರಗಳಾಗುವುದಕ್ಕಿಂತ ಬೆದರಿಕೆಯ ಆಕಾರಗಳಾಗಿಯೇ ಉಳಿಯುತ್ತಾರೆ. ಕೊನೆಯ ಭಾಗದಲ್ಲಿ ಸೋದರಿಯರು ಮತ್ತೆ ಒಂದಾಗುವುದು ಹಿಂಸೆಯ ಮೂಲಕ. ತಾವು ಕಲಿತ ಪಾಠವನ್ನೇ ಅವರು ಮರಳಿ ಒಪ್ಪಿಸುತ್ತಿದ್ದಾರೆಯೇ ಎಂಬ ಶಂಕೆಯನ್ನು ಲೇಖಕಿ ಇನ್ನಷ್ಟು ಕೆದಕಬಹುದಿತ್ತು.

ಈ ಕಾದಂಬರಿಯನ್ನು ಕನ್ನಡಕ್ಕೆ ತರುವವರಿಗೆ ಅಕ್ಕ–ತಂಗಿ ಎಂಬ ಪದಗಳು ನೆರವಾದಾವು. ಇಂಗ್ಲಿಷ್ ಒಂದೇ ಪದದಲ್ಲಿ ಮುಚ್ಚಿಡುವ ವಯಸ್ಸಿನ ಏಣಿ ಅಲ್ಲಿ ಎದ್ದು ಕಾಣುತ್ತದೆ. ಸರ್ವನಾಮದ್ದೇ ಕಷ್ಟ. ‘ನಾವು ಮೂವರು’ ಎಂದು ಬರೆದರೆ ಅರ್ಥ ತಿಳಿಯಾಗುತ್ತದೆ. ಆದರೆ ಆ ಸಂಖ್ಯೆಯನ್ನು ಮೊದಲ ಪುಟದಲ್ಲೇ ಬಿಟ್ಟುಕೊಟ್ಟರೆ, ಸೋದರಿಯರು ಕೊನೆಯವರೆಗೆ ಹುಡುಕುವುದನ್ನು ಅನುವಾದಕ ಮೊದಲೇ ಹುಡುಕಿಕೊಟ್ಟಂತಾಗುತ್ತದೆ.